ಹದಿನಾರು ಕುಣಿಕೆ

ಬಂದವರೆಲ್ಲ ಸ್ವೆಟರ್ ಅನ್ನುತ್ತಾರೆ.
ಶಿವರಾಂಪೇಟೆಯ ನನ್ನ ಆರಡಿ ಅಂಗಡಿಯಲ್ಲಿ
ಉಲ್ಲನ್ ಉಂಡೆಗಳ ಕೆನ್ನೆ ಸವರುತ್ತ,
ಕಡ್ಡಿ ಹಿಡಿಯಲು ಬಾರದವರೂ ಸ್ವೆಟರ್ ಅನ್ನುತ್ತಾರೆ.
ತೋಳು, ಕತ್ತು, ಗುಂಡಿಯ ಮನೆ.
ಈಜು ಬಾರದವರು ಕನ್ನಂಬಾಡಿ ಕೇಳಿದ ಹಾಗೆ.

ಮೊದಲು ಮಫ್ಲರ್ ಮಾಡಿ ಎಂದು ನಾನಂತೂ ಹೇಳುವುದಿಲ್ಲ.
ಮೇಬಲ್ ಟೀಚರು ಹಾಗೆಂದೇ ಕೂರಿಸಿದ್ದರು ನನ್ನನ್ನು,
ಆರನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ,
ಬೂದಿ ಬಣ್ಣದ ನೂಲು ಕೊಟ್ಟು.
ಸೀದಾ, ಸೀದಾ, ಸೀದಾ.
ಮೊಳ ತುಂಬುವಷ್ಟರಲ್ಲಿ ಬೇಸಗೆ ಬಂತು.
ಈಗಲೂ ಟ್ರಂಕಿನಲ್ಲಿದೆ, ಕಡ್ಡಿ ಚುಚ್ಚಿಕೊಂಡೇ,
ನುಸಿಗುಳಿಗೆಯ ವಾಸನೆಯಲ್ಲಿ.

ಅದಕ್ಕೇ ಕೇಳುತ್ತೇನೆ:
ನಿಮ್ಮನೆಯಲ್ಲಿ ಯಾವುದಕ್ಕೆ ಚಳಿ?
ನಕ್ಕುಬಿಡುತ್ತಾರೆ. ಆಮೇಲೆ ಯೋಚಿಸುತ್ತಾರೆ.
ಷಹೀದಾ ಬಾಣಲೆಯ ಹಿಡಿ ಅಂದಳು, ಚಳಿಯಲ್ಲ, ಸುಡುತ್ತೆ ಅಂತ.
ಹತ್ತಿ ನೂಲು ಕೊಟ್ಟೆ; ಅಗ್ಗದ ಉಲ್ಲನ್ ಒಲೆ ಮುಂದೆ ಕರಗುತ್ತದೆ.
ಹಾಲಿನ ಬೂತಿನ ಹುಡುಗ ಹೆಲ್ಮೆಟ್ಟಿನೊಳಗಿನ ಕಿವಿ ಅಂದ.

ಹೋದ ಮಾರ್ಗಶಿರದಲ್ಲಿ ನಿಂಗಶೆಟ್ಟರು ಬಂದರು,
ಮಂಡ್ಯ ಡಿಪೋದ ಕಂಡಕ್ಟರು, ರಿಟೈರಾಗಿ ಎರಡು ತಿಂಗಳು.
'ಕೈ ಸುಮ್ಕೆ ಇರಕ್ಕಿಲ್ಲ ಕಣವ್ವ' ಎಂದು
ಚಿಲ್ಲರೆ ಎಣಿಸಿ ಕಪ್ಪಾದ ಬೆರಳು ತೋರಿಸಿದರು.
ಚಳಿ ಯಾವುದಕ್ಕೆ?
ಜೇಬಿಗೆ ಕೈ ಹಾಕಿ ಸೀಟಿ ತೆಗೆದರು.
ಹಿತ್ತಾಳೆಯದು. ಹಲ್ಲು ಕಚ್ಚಿದ ಕಡೆ ಸವೆದಿತ್ತು.

ಹದಿನಾರು ಕುಣಿಕೆ ಸಾಕು ಇದಕ್ಕೆ.
ಉದ್ದಕ್ಕೆ ಹೆಣೆದು, ಮಡಚಿ, ಎರಡು ಪಕ್ಕ ಹೊಲಿದರೆ ಚೀಲ.
ದಪ್ಪ ಕಡ್ಡಿ. ಕಪ್ಪು ನೂಲು ಮಾತ್ರ ಬೇಡ,
ಕುಣಿಕೆ ಕಾಣದೆ ಹೊಸಬರು ಅಳುತ್ತಾರೆ.
'ಕೆಂಪು ಕೊಡು. ನಮ್ ಗಾಡಿ ಬಣ್ಣ.'

ದಿನಾ ಬಸ್ಸು ಹತ್ತಿ ಬರುತ್ತಿದ್ದರು, ಕಿಟಕಿ ಪಕ್ಕ ಕೂತು,
ಈಗ ಅದೊಂದು ಸುಖ ಅನ್ನುತ್ತ.
ಪ್ರತಿ ಸಾಲಿನ ಕೊನೆಗೆ ಕಡ್ಡಿಯುದ್ದಕ್ಕೂ ಕಣ್ಣಾಡಿಸಿ
'ಎಲ್ಲಾ ಅವ್ರೆ' ಎನ್ನುತ್ತಿದ್ದರು.
ಒಂಬತ್ತನೇ ಸಾಲಿನಲ್ಲಿ ಹದಿನೈದು.
ಮತ್ತೆ ಎಣಿಸಿದರು. ಹದಿನೈದೇ.
ಬಿಚ್ಚೋಣ ಎಂದು ಕೈ ಚಾಚಿದೆ, ತಡೆದರು:
'ಬುಡವ್ವ, ಯಾರೋ ಮದ್ದೂರಲ್ಲಿ ಇಳ್ಕೊಂಡವ್ರೆ.'
ಇಳಿದವರು ಇನ್ನೂ ಕೆಳಗೆ ಜಾರದ ಹಾಗೆ
ಒಂದು ಗಂಟು ಹಾಕಿಕೊಟ್ಟೆ, ಅಷ್ಟೆ.

ಮೂರು ಸಂಜೆಗೆ ಮುಗಿಯಿತು.
ಒಂದು ಪಕ್ಕ ಸೊಟ್ಟ; ತೂತಿನಿಂದ ಸೀಟಿಯ ಬಾಯಿ ಇಣುಕುತ್ತದೆ.
ಮೆಟ್ಟಿಲ ಮೇಲೆ ನಿಂತು ಚೀಲದಿಂದ ತೆಗೆದು ಊದಿದರು,
ಎರಡು ಸಲ, ಹೊರಡು ಅಂತ.
ಎದುರಿಗೆ ಬೀಡಿ ಸೇದುತ್ತಿದ್ದ ಆಟೋದವನು
ಗಾಬರಿಯಲ್ಲಿ ಹೊರಟೇಬಿಟ್ಟ.

ಮುಂದೇನು ಶೆಟ್ಟರೇ, ಸ್ವೆಟರ್ರಾ?
'ಡ್ರೈವರ್ ಕೆಂಪಯ್ಯನ ಮಂಡಿ,' ಅಂದರು,
'ಎರಡಕ್ಕೂ ಒಂದೊಂದು.
ಎಡಗಾಲಿಂದು ವಸಿ ದಪ್ಪಕಿರ್ಲಿ,
ಕ್ಲಚ್ಚು ತುಳಿದಿದ್ದು ಅದು.'