ಗುಂಡಿ ಡಬ್ಬಿಯ ಬೀಜ

ಶ್ಟಿಪ್ ಊರಿನ ಶರ್ಟು ಕಾರ್ಖಾನೆಯಲ್ಲಿ
ದಿನಕ್ಕೆ ಮುನ್ನೂರು ಕಾಲರು ಹೊಲಿಯುವವಳು ನಾನು.
ರೈನಾ ಚಿಕ್ಕಮ್ಮ ಸಾಯುವ ಮೊದಲು ಕೊಟ್ಟದ್ದು
ಒಂದು ಗುಂಡಿ ಡಬ್ಬಿ. ಅಲುಗಿಸಿದರೆ
ಗುಂಡಿಗಳ ಸದ್ದಿನ ಕೆಳಗೆ ಇನ್ನೊಂದು ಸಣ್ಣ ಸದ್ದು:
ಸಿಹಿ ಮೆಣಸಿನ ಬೀಜ.
ತೂತಿಲ್ಲದ, ದಾರ ಕಾಣದ,
ಯಾವ ಅಂಗಿಗೂ ಸೇರದ ಹಳದಿ ಗುಂಡಿ.

ಫೆಬ್ರವರಿ. ಬೀದಿಯಲ್ಲಿ ಕೊಳೆಯಾದ ಹಿಮ.
ಒದ್ದೆ ಹತ್ತಿಯಲ್ಲಿ ಸುತ್ತಿ, ಮೊಸರಿನ ಖಾಲಿ ಲೋಟದಲ್ಲಿಟ್ಟು
ಬಚ್ಚಲಿನ ಬಾಯ್ಲರ್ ನೆತ್ತಿಯ ಮೇಲೆ ಕೂರಿಸಿದೆ.
ಮನೆಯಲ್ಲಿ ಅಷ್ಟು ಬೆಚ್ಚಗಿನ ಜಾಗ
ನನಗೂ ಇಲ್ಲ.
ಒಂಬತ್ತು ದಿನ ಏನೂ ಇಲ್ಲ.
ಹತ್ತನೆಯ ದಿನ ಗಂಡ ತ್ರಾಯ್ಚೆ ಗಡ್ಡ ಹೆರೆಯುತ್ತ ಕೂಗಿದ:
"ನಿನ್ನ ಹತ್ತಿಗೆ ಹಲ್ಲು ಬಂದಿದೆ!"

ಮೊಳಕೆ ಏಳುವುದು ತಲೆಯೆತ್ತಿ ಅಲ್ಲ,
ಬೆನ್ನೆತ್ತಿ. ಪಾಳಿ ಮುಗಿದು ಯಂತ್ರದ ಮುಂದಿನಿಂದ
ಏಳುವ ನಮ್ಮ ಸಾಲಿನ ಹೆಂಗಸರ ಹಾಗೆ
ಮೊದಲು ಸೊಂಟ, ಆಮೇಲೆ ಕತ್ತು,
ಕಟ್ಟಕಡೆಗೆ ಮುಖ.
ಒಂದಕ್ಕೆ ಸಿಪ್ಪೆ ಟೊಪ್ಪಿಗೆಯಂತೆ ಸಿಕ್ಕಿಕೊಂಡಿತ್ತು.
ಬಿಡಿಸಲು ಹೋಗಬೇಡ, ಎಂದಿದ್ದಳು ಚಿಕ್ಕಮ್ಮ.
ಬಿಡಿಸಿದೆ. ಎಲೆ ಎರಡೂ ಕಿತ್ತು ಬಂದವು.

ಜಾರ್ಜ್ ಸಂತನ ಹಬ್ಬ ಕಳೆದ ಮೇಲೆ
ಹದಿನಾಲ್ಕು ಸಸಿ ಹಿತ್ತಲಿಗೆ ಇಳಿದವು.
ಕಾರ್ಖಾನೆಯ ಚಿಂದಿಯಿಂದ ಕೋಲಿಗೆ ಕಟ್ಟಿದೆ,
ಇಟಲಿಗೆ ಹೋಗುವ ಅಂಗಿಯ ನೀಲಿ ಪಟ್ಟೆ.
ಹನ್ನೊಂದರ ರಾತ್ರಿ ಮತ್ತೆ ಚಳಿ ಬಿತ್ತು.
ಮದುವೆಯ ರಜಾಯಿಯನ್ನೇ ಎಳೆದು ತಂದು ಹೊದಿಸಿದೆ.
ಬೆಳಗ್ಗೆ ತ್ರಾಯ್ಚೆ ಮುದುಡಿ ಮಲಗಿದ್ದ,
ಗಿಡಗಳು ಗರಿಗರಿ.
ಮೊದಲ ಹೂವನ್ನು ಚಿವುಟಿ ಹಾಕಬೇಕಂತೆ,
ಗಿಡಕ್ಕೆ ಬಲ ಬರಲೆಂದು.
ಚಿವುಟುವಾಗ ಆಚೆ ನೋಡಿದೆ.

ಆಚೆ, ಗೋಡೆಯಾಚೆ, ವಾಂಗೆಲ್‌ನ ಹಿತ್ತಲು.
ಅವನದು ಕಸೂತಿ ಮೆಣಸು: ಉದ್ದ, ಸಣಕಲು,
ಮೈತುಂಬ ಬಿಳಿ ಬಿರುಕಿನ ಹೊಲಿಗೆ,
ತುದಿ ಕಚ್ಚಿದರೆ ಕಿವಿಯಲ್ಲಿ ಗಂಟೆ.
ಗೋಡೆ ಅರ್ಧ ಗೇಣು ಯಾರ ಕಡೆ ಸರಿದಿದೆ ಎಂಬುದಕ್ಕೆ
ಆರು ವರ್ಷದಿಂದ ಮಾತಿಲ್ಲ.
ಜೇನುಹುಳಕ್ಕೆ ಇದನ್ನು ಯಾರೂ ಹೇಳಿರಲಿಲ್ಲ.

ಆ ವರ್ಷದ ಕಾಯಿ ಎಲ್ಲವೂ ಸಿಹಿ.
ಸೆಪ್ಟೆಂಬರಿನಲ್ಲಿ ಅಂಗಳದಲ್ಲೇ ಸುಟ್ಟು, ಸುಲಿದು,
ದೊಡ್ಡ ಹಂಡೆಯಲ್ಲಿ ಐವಾರ್ ಕಾಸಿದೆವು.
ಬೀದಿ ಪೂರ್ತಿ ಅದೇ ಹೊಗೆ, ಅದೇ ಕೆಂಪು ಬೆರಳು.
ಎಲ್ಲಕ್ಕಿಂತ ದಪ್ಪನೆಯ ಹಣ್ಣಿನ ಬೀಜ ಒಣಗಿಸಿ
ಡಬ್ಬಿಗೆ ತುಂಬಿದೆ.
ಬಿತ್ತಿದ್ದೇ ಬೆಳೆಯುವುದು ಎನ್ನುತ್ತಾರಲ್ಲ,
ಏನು ಬಿತ್ತಿದೆನೆಂದು
ಬಿತ್ತಿದವಳಿಗೆ ಏನು ಗೊತ್ತು?

ಮರುವರ್ಷ, ನಾಲ್ಕನೆಯ ಗಿಡ.
ಎಲೆ ಅದೇ, ಹೂವು ಅದೇ.
ಹಸಿರು ಕೆಂಪಾಗಲು ಮೂರು ವಾರ; ಆಗುತ್ತ ಆಗುತ್ತ
ಭುಜದ ಹತ್ತಿರ ಒಂದು ಬಿಳಿ ಗೆರೆ.
ಹೊಲಿಗೆ ಗುರುತಿಸುವ ಕಣ್ಣು ನನ್ನದು:
ಇದು ನಾನು ಹಾಕಿದ್ದಲ್ಲ.
ಕಚ್ಚಿದೆ. ಮೊದಲು ಸಿಹಿ. ಚಿಕ್ಕಮ್ಮನ ಸಿಹಿಯೇ.
ಆಮೇಲೆ ನಿಧಾನಕ್ಕೆ, ನಾಲಗೆಯ ಬುಡದಿಂದ,
ವಾಂಗೆಲ್ ಬಂದ.

ಕೆಮ್ಮುತ್ತ, ಕಣ್ಣೊರೆಸುತ್ತ ನಿಂತಿದ್ದೆ.
ಗೋಡೆಯ ಮೇಲೊಂದು ತಲೆ ಎದ್ದಿತು:
"ನೀರು ಬೇಡ. ರೊಟ್ಟಿ ತಿನ್ನು."
ಆರು ವರ್ಷದ ಮೇಲೆ, ಅಲ್ಲ, ಏಳು,
ಅವನಾಡಿದ ಮಾತು ಅಷ್ಟೇ.
ತಲೆ ಮತ್ತೆ ಇಳಿಯಿತು.

ಈಗ ಲೈನಿಂಗ್ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು
ಮೊಗ್ಗಿಗೆ ತೊಡಿಸುತ್ತೇನೆ, ಚಿಕ್ಕಮ್ಮನ ತಳಿ ಕೆಡದಿರಲೆಂದು.
ಹದಿಮೂರು ಗಿಡಕ್ಕೆ ಚೀಲ.
ಆ ನಾಲ್ಕನೆಯದರ ಮರಿ ಮಾತ್ರ
ಗೋಡೆಯ ಪಕ್ಕ, ಬರಿಮೈಯಲ್ಲಿ.
"ಬಟ್ಟೆ ಸಾಲಲಿಲ್ಲವಾ?" ತ್ರಾಯ್ಚೆ ಕೇಳಿದ.
ಇಲ್ಲ, ಎಂದೆ.
ಏಪ್ರನ್ನಿನ ಕಿಸೆಯಲ್ಲಿ
ಇನ್ನೂ ಮೂರು ಚೀಲ ಇದ್ದವು.