ಕಾಲು ನೋಡಿಕೊಳ್ಳುವುದು

ಸಿಸ್ಟರ್ ಸೆವ್ರಿನ್ ಹೇಳಿದ್ದು ಇಷ್ಟೇ:
ದೂಮಣ್ಣಾ, ಇನ್ನು ಕಾಲು ನೋಡಿಕೊಳ್ಳಿ.
ಮಾತಿಗೆ ಅಂದರು ಅಂದುಕೊಂಡೆ,
ಮನೆ ನೋಡಿಕೊಳ್ಳಿ, ಮಕ್ಕಳನ್ನು ನೋಡಿಕೊಳ್ಳಿ ಅನ್ನುತ್ತಾರಲ್ಲ, ಹಾಗೆ.
ಅಲ್ಲವಂತೆ. ದಿನಾ ರಾತ್ರಿ
ಅಂಗಾಲು, ಹಿಮ್ಮಡಿ, ಬೆರಳ ಸಂದಿ ಸಂದಿ
ಕಣ್ಣಿಟ್ಟು ನೋಡಬೇಕಂತೆ.

ಮೂವತ್ತೊಂದು ವರ್ಷ ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್ಲಿಗೆ,
ಸುರತ್ಕಲ್ಲಿನಿಂದ ಸ್ಟೇಟ್ ಬ್ಯಾಂಕಿಗೆ,
ಫುಟ್‌ಬೋರ್ಡಿನಲ್ಲಿ ಒಂದು, ಗಾಳಿಯಲ್ಲಿ ಒಂದು.
ಈ ಎರಡನ್ನು ನಾನು ಯಾವತ್ತು ನೋಡಿದ್ದೆ?
ಕಾಲು ರೂಪಾಯಿ ಬಾಕಿ ಇಟ್ಟು ಇಳಿದುಹೋದವರ
ಮುಖ ಈಗಲೂ ನೆನಪಿದೆ.
ನನ್ನ ಎಡಗಾಲಿನ ಕಿರುಬೆರಳು ಹೇಗಿತ್ತು ಎಂದು
ವೆನ್ಲಾಕಿನಲ್ಲಿ ಅದನ್ನು ತೆಗೆದ ಮೇಲೆ ಯೋಚಿಸಿದೆ.

ಎಂಟೂವರೆಗೆ ವಾರಿಜ ಟಾರ್ಚು ತರುತ್ತಾಳೆ.
ಮಡಿಲಲ್ಲಿ ಬೈರಾಸು ಹಾಸಿ, ಕೊಡಿ, ಅನ್ನುತ್ತಾಳೆ.
ಯಾರ ಎದುರೂ ಕಾಲು ಚಾಚಬಾರದೆಂದು
ಹೊಡೆದು ಕಲಿಸಿದ ಅಮ್ಮ ಗೋಡೆಯ ಮೇಲಿದ್ದಾಳೆ.
ಅವಳ ಪಟಕ್ಕೆ ಬೆನ್ನು ಹಾಕಿ ಕೂರುತ್ತೇನೆ.

ಆಟಿಯಲ್ಲಿ ಶೂ ಒಣಗುವುದಿಲ್ಲ.
ಪೇಪರು ಉಂಡೆ ಮಾಡಿ ತುರುಕಿದರೆ
ಊರಿನವರ ಮರಣದ ಸುದ್ದಿಯೆಲ್ಲ
ಬೆಳಗ್ಗೆ ಒದ್ದೆಯಾಗಿ ಹೊರಬರುತ್ತದೆ.
ಸಂದಿಯ ಚರ್ಮ ನೆನೆಹಾಕಿದ ಅಕ್ಕಿ.
ಅಮ್ಮನಾದರೆ ಮದರಂಗಿ ಅರೆದು ಮೆತ್ತುತ್ತಿದ್ದಳು,
ಆ ತಿಂಗಳಿಡೀ ನಮ್ಮ ಮನೆಯಲ್ಲಿ
ಗಂಡುಹುಡುಗರದ್ದೂ ಮದುಮಗಳ ಕಾಲು.
ವಾರಿಜ ಹಳೇ ಲುಂಗಿಯ ತುಂಡಿನಿಂದ ಒರೆಸುತ್ತಾಳೆ,
ಮೆಲ್ಲಗೆ, ಹಾರ್ಮೋನಿಯಂ ಮನೆಗಳ ಧೂಳು ತೆಗೆಯುವವಳಂತೆ.
ಬಲಕ್ಕೆ ನಾಲ್ಕು ಸಂದಿ.
ಎಡಕ್ಕೆ ಮೂರು.

ಪುಯಿಂತೆಲ್ ಬಂದರೆ ಗಾಳಿ ತಿರುಗುತ್ತದೆ.
ಮಂಗಳೂರಿಗೆ ಚಳಿ ಬಂತೆಂದು
ಹಿಮ್ಮಡಿಗೆ ಮೊದಲು ಗೊತ್ತಾಗುವುದು.
ಅಮ್ಮ ಬಿರುಕಿಗೆ ಬಿಸಿ ಗೇರೆಣ್ಣೆ ಬಿಡುತ್ತಿದ್ದಳು.
ಕುಯ್ಯೋ ಎಂದರೆ,
ಉರಿದರೆ ಮದ್ದು ಹಿಡಿಯಿತು ಅಂತ ಲೆಕ್ಕ, ಸುಮ್ಮನಿರು.
ಸೆವ್ರಿನ್ ಅದನ್ನು ಮುಟ್ಟಲೇಬೇಡಿ ಎಂದಿದ್ದಾರೆ.
ಸರಿಯೇ. ಉರಿ ತಿಳಿಯದ ಕಾಲಿಗೆ ಉರಿಯುವ ಮದ್ದು ಬಿಟ್ಟು
ಲೆಕ್ಕ ಇಡುವವರು ಯಾರು?
ಹಾಗಾಗಿ ಪುನರ್ಪುಳಿ ಬೀಜದ ತುಪ್ಪ,
ಅಂಗೈಯಲ್ಲಿ ಕರಗಿಸಿ, ಹಿಮ್ಮಡಿಗೆ ಮಾತ್ರ.
ಸಂದಿಗೆ ಬೇಡ.

ಪಗ್ಗು, ಬೇಶ: ಅಂಗಳದ ಸಿಮೆಂಟು ಕಾವಲಿ.
ಮೊಯ್ದಿನಬ್ಬ ಅಳತೆ ತೆಗೆದು ಹೊಲಿದ ಮೆತ್ತನೆ ಚಪ್ಪಲಿ
ಮನೆಯೊಳಗೂ ಹಾಕಬೇಕು ಎಂದು ಕಟ್ಟುನಿಟ್ಟು.
ನಾನು ಒಮ್ಮೊಮ್ಮೆ ಮರೆಯುತ್ತೇನೆ.
ಹಾಗೆ ಮರೆತ ಒಂದು ದಿನ
ರಾತ್ರಿ ಟಾರ್ಚು ಚಲಿಸದೆ ನಿಂತಿತು.
ಹೆಬ್ಬೆರಳ ಬುಡದಲ್ಲಿ ಬಂಗುಡೆಯ ಮುಳ್ಳು,
ಅರ್ಧ ಒಳಗೆ. ಮಧ್ಯಾಹ್ನದ ಸಾರಿನದು.
ಅದನ್ನು ಮೆಟ್ಟಿಕೊಂಡೇ ಗಡ್ಡ ಹೆರೆದಿದ್ದೆ,
ಮೊಯ್ದಿನಬ್ಬನ ಅಂಗಡಿಯಲ್ಲಿ ನಿಂತು
ಅರ್ಧ ಗಂಟೆ ರಾಜಕೀಯ ಹೊಡೆದಿದ್ದೆ.
ವಾರಿಜ ಚಿಮುಟ ಹಾಕಿ ಎಳೆದಳು.
ಅಪ್ಪೇ! ಎಂಬ ಕೂಗು.
ನನ್ನದಲ್ಲ, ಅವಳದು.

ಅವತ್ತಿನಿಂದ ನನ್ನ ನೋವು ಅವಳ ಬಾಯಲ್ಲಿದೆ.

ನಿನ್ನೆ ಕರೆಂಟು ಹೋಯಿತು.
ಟಾರ್ಚು ನನ್ನ ಕೈಗಿಟ್ಟು ಮೊಂಬತ್ತಿ ಹುಡುಕಲು ಎದ್ದಳು.
ಬೆಳಕು ಅವಳ ಹಿಮ್ಮಡಿಗೆ ಬಿತ್ತು.
ಬೀಡಿ ಬ್ರಾಂಚಿಗೆ ನಡೆದು ನಡೆದು
ಟಿಕೆಟು ಹರಿದ ಪುಸ್ತಕದ ಅಂಚಿನಂತೆ ಆಗಿದೆ.
ನನಗೆ ಕನ್ನಡಿ ತಂದವರಿದ್ದರು, ಚಾರ್ಟು ಕೊಟ್ಟವರಿದ್ದರು.

ಇಲ್ಲಿ ಕೂತುಕೋ, ಕಾಲು ಕೊಡು ಎಂದೆ.
ನಿಮಗೇನು ಮರ್ಲಾ ಮಾರಾಯ್ರೇ ಎಂದಳು,
ಕೂತಳು.
ತುಪ್ಪ ಕರಗುವವರೆಗೆ ಅಂಗೈ ಉಜ್ಜಿದೆ.
ಅಂಗಾಲು ಮುಟ್ಟಿದ್ದೇ ತಡ
ಕಚಗುಳಿಯಾಗಿ ಝಾಡಿಸಿ ಒದ್ದಳು,
ಡಬ್ಬಿ ಹಾರಿ ಕಪಾಟಿನಡಿಗೆ ಉರುಳಿತು.
ಆಹಾ, ಎಂಥ ಜೀವದ ಕಾಲು!
ಕತ್ತಲಲ್ಲಿ ಇಬ್ಬರೂ ನಗುತ್ತ ಕೂತೆವು.

ಡಬ್ಬಿ ಹುಡುಕಬೇಕು.
ಎದ್ದೆ.
ಚಪ್ಪಲಿ, ಎಂದಳು.