ಲೈನಿನಲ್ಲಿ ಬೇಲಿ

ಆಕ್ಲೆಂಡ್, ಬಿಸಿಲು.
ವೆಲಿಂಗ್ಟನ್, ಗಾಳಿ.
ದರ್ಜಿಯ ಅಳತೆಪಟ್ಟಿ ಬಿಚ್ಚಿದ ಹಾಗೆ
ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಹವಾಮಾನದ ನಕ್ಷೆ.
ಜಲಸಂಧಿ ದಾಟಿ, ಕ್ರೈಸ್ಟ್‌ಚರ್ಚ್ ಅರ್ಧ,
ಟಪ್. ಲೈನು ಕಟ್ಟು.
ಮೋಡೆಮ್ ಮತ್ತೆ ಗಂಟಲು ಕೆರೆದು
ಎರಡು ಪೊರಕೆ ಒಟ್ಟಿಗೆ ಗುಡಿಸಿದಂತೆ ಬರ್ರನೆ ಕೂಗಿ
ಮತ್ತೆ ಆಕ್ಲೆಂಡ್, ಬಿಸಿಲು.
ನಾವಿರುವುದು ದೇಶದ ತೀರಾ ಕೆಳಗೆ.
ಮೂರು ವಾರವಾಯಿತು,
ಸೌತ್‌ಲ್ಯಾಂಡ್ ಇನ್ನೂ ನಕ್ಷೆಗೆ ಬಂದಿಲ್ಲ.

ಕಿಟಕಿ ತೆಗೆದು ನೋಡಬಾರದಾ ಮೊರಾಗ್, ಅಂದ ನೋಯೆಲ್.
ಆಗಸ್ಟ್ ತಿಂಗಳು. ಕುರಿಗಳು ಈಯುವ ಕಾಲ.
ಕಿಟಕಿಗೆ ಇವತ್ತು ಗೊತ್ತು, ನಾಳೆ ಗೊತ್ತಿಲ್ಲ.

ಡ್ಯುನೆಡಿನ್‌ನಲ್ಲಿ ಸಹಾಯಕ್ಕೆಂದೇ ಕೂತ ಹುಡುಗ ಕೇಳಿದ:
ಈಗ ಸಂಪರ್ಕ ಮಾಡಿ ನೋಡಿ, ಯಾವ ದೀಪ ಉರಿಯುತ್ತಿದೆ?
ಅಪ್ಪಾ, ಇರುವುದೊಂದೇ ಲೈನು,
ಅದರ ಮೇಲೆ ನೀನು ಕೂತಿದ್ದೀಯ.
ಅವನು ಹೇಳಿದ್ದನ್ನೆಲ್ಲ ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ.
ಅಡುಗೆಮನೆಯ ಫೋನು ಕಿತ್ತೆ. ಫ್ಯಾಕ್ಸ್ ಕಿತ್ತೆ.
ಉಣ್ಣೆ ಶೆಡ್ಡಿನ ಗೋಡೆಗೆ ಬಡಿದಿದ್ದ ದೊಡ್ಡ ಗಂಟೆಯನ್ನೂ ಕಿತ್ತೆ.
ಏಟಿ ಎಂದು ಶುರುವಾಗುವ ಮಂತ್ರವನ್ನು
ಅಕ್ಷರ ತಪ್ಪದೆ ಒತ್ತಿದೆ.
ಓಕೆ, ಎಂದಿತು.
ಆಕ್ಲೆಂಡ್, ಬಿಸಿಲು.

ಏನೂ ತೋಚದೆ ರಿಸೀವರ್ ಎತ್ತಿ
ಒಂದು ಅಂಕಿ ಒತ್ತಿ, ಡಯಲ್ ಟೋನಿನ ಬಾಯಿ ಮುಚ್ಚಿಸಿ
ಆ ಮೌನಕ್ಕೆ ಕಿವಿಗೊಟ್ಟೆ.
ಟಿಕ್.
ಗೋಡೆ ಗಡಿಯಾರ ಅಂದುಕೊಂಡೆ. ಅದು ಕ್ರಿಸ್‌ಮಸ್‌ಗೇ ನಿಂತಿದೆ.
ಟಿಕ್.
ಸೆಕೆಂಡಿಗಿಂತ ಕೂದಲೆಳೆ ನಿಧಾನ.
ಈ ನಡಿಗೆ ನನಗೆ ಗೊತ್ತು.
ಶೆಡ್ಡಿಗೆ ಓಡಿ ಕರೆಂಟು ಬೇಲಿಯ ಸ್ವಿಚ್ಚು ಆರಿಸಿ ಬಂದೆ.
ಟಿಕ್ ನಿಲ್ಲಲಿಲ್ಲ.
(ಎರಡು ಹೋರಿ ಟರ್ನಿಪ್ ಹೊಲಕ್ಕೆ ನುಗ್ಗಿದ್ದು ಬೇರೆ.)

ಗಾದೆಯ ಬೇಲಿ ಎದ್ದು ತನ್ನ ಹೊಲ ಮೇಯಿತು.
ಇದು ಪಕ್ಕದವನ ಬೇಲಿ,
ನನ್ನ ಫೋನು ಮೇಯುತ್ತಿದೆ.

ಪುಟ್ಟ ರೇಡಿಯೊದ ಮುಳ್ಳನ್ನು
ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ ಹೊರಟೆ;
ಕರೆಂಟು ಸೋರುವಲ್ಲಿ ಅದು ಜೋರಾಗಿ ಚಿಟಿಕೆ ಹೊಡೆಯುತ್ತದೆ.
ಹಳ್ಳದುದ್ದಕ್ಕೂ ಗಾರ್ಸ್ ಮುಳ್ಳು, ಮಂಡಿವರೆಗೆ ಕೆಸರು,
ಟಿಕ್ಕು ದಪ್ಪವಾಗುತ್ತಾ ಆಗುತ್ತಾ
ಗಿಲ್‌ಕ್ರಿಸ್ಟನ ಗಡಿಗೆ ಬಂದು ನಿಂತೆ:
ಒಡೆದ ಇನ್ಸುಲೇಟರ್,
ಒದ್ದೆ ಕಂಬಕ್ಕೆ ಒರಗಿದ ತಂತಿ,
ನೀಲಿ ಕಿಡಿ, ಕತ್ತಲು, ನೀಲಿ ಕಿಡಿ.
ಮಾರು ದೂರದಲ್ಲಿ ನೆಲದೊಳಗೆ ನಮ್ಮ ಫೋನಿನ ಕೇಬಲ್ಲು.

ಐವನ್ ಗಿಲ್‌ಕ್ರಿಸ್ಟನಿಗೂ ನಮಗೂ
ಮಾತು ಬಿಟ್ಟು ಹನ್ನೊಂದು ವರ್ಷ.
ಒಂದು ಟಗರಿನ ವಿಷಯ. ಟಗರು ಸತ್ತೇ ಆರಾಯಿತು.
ಮುಟ್ಟಿದರೆ ಎಂಟು ಸಾವಿರ ವೋಲ್ಟು,
ಮುಟ್ಟದಿದ್ದರೆ ಅವನಿಗೆ ಹೇಳಬೇಕು.
ಯಾವುದು ವಾಸಿ ಎಂದು
ಆ ಕೆಸರಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿದ್ದುಂಟು.

ಫೋನು ಮಾಡಿದೆ.
ಐವನ್, ನಾನು ಮೊರಾಗ್. ಏನೂ ಮಾತಾಡಬೇಡ, ಸುಮ್ಮನೆ ಕೇಳು.
ಟಿಕ್.
ಟಿಕ್.
ಟಿಕ್.
ಇದು ನಿನಗೂ ಕೇಳುತ್ತದಾ? ಅಂದ.
ನನ್ನ ಕಿವಿಯೇ ಕೆಟ್ಟಿತು ಅಂತ
ಇನ್ವರ್‌ಕಾರ್ಗಿಲ್‌ನ ಡಾಕ್ಟರಿಗೆ ಎರಡು ಸಲ ದುಡ್ಡು ಕೊಟ್ಟು ಬಂದೆನಲ್ಲ.

ಟಗರಿನ ಮಾತು ಅವನೂ ಎತ್ತಲಿಲ್ಲ, ನಾನೂ.
ಬೆಳಿಗ್ಗೆ ಕಂಬದಲ್ಲಿ ಹೊಸದೊಂದು ಬಿಳಿ ಇನ್ಸುಲೇಟರ್ ಇತ್ತು.
ಥ್ಯಾಂಕ್ಸ್ ಹೇಳೋಣವೆಂದು ಒಂದು ಅಂಕಿ ಒತ್ತಿದವಳು
ಆ ತೊಳೆದಿಟ್ಟ ಮೌನಕ್ಕೆ ಹೆದರಿ
ರಿಸೀವರ್ ಇಟ್ಟುಬಿಟ್ಟೆ.

ಸಂಜೆ ಇಳಿಯಿತು ನಕ್ಷೆ.
ಕ್ರೈಸ್ಟ್‌ಚರ್ಚ್, ಪೂರ್ತಿ.
ಡ್ಯುನೆಡಿನ್, ಆ ಹುಡುಗನ ಮೇಲೆ ಮೋಡ.
ಕಟ್ಟಕಡೆಗೆ ಪರದೆಯ ಅಂಚಿನಲ್ಲಿ, ಬೆರಳಗಲ, ನಾವು.
ಬಾಗಿಲಲ್ಲಿ ನೋಯೆಲ್ ಬೂಟು ಒದರಿ ಒಳಗೆ ಬಂದು
ನನ್ನ ಭುಜದ ಮೇಲಿಂದ ಬಗ್ಗಿದ.
ಏನಂತೆ?
ನಾಳೆ ಮಳೆಯಂತೆ, ಅಂದೆ.
ಅವನ ಟೋಪಿಯಿಂದ ಕೀಬೋರ್ಡಿನ ಮೇಲೆ
ಒಂದು ಹನಿ ಬಿತ್ತು.